ಜೈವಿಕ ಆರ್ಥಿಕತೆ: ಒಂದು ಅಡಿಕೆ ಹಾಳೆಯ ಲೆಕ್ಕ

ಒಂಬತ್ತನೇ ಕ್ಲಾಸಿನಲ್ಲಿ 'ಜೈವಿಕ ಆರ್ಥಿಕತೆ' ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳು ಸುಮ್ನೆ ನೋಡುತ್ತಾರೆ. ಅದಕ್ಕೇ ನಾನು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೊಂದನ್ನು ತಂದು ಮೇಜಿನ ಮೇಲೆ ಇಡುತ್ತೇನೆ. "ಇದರಿಂದ ದುಡ್ಡು ಮಾಡಬಹುದಾ?" ಎಂದು ಕೇಳುತ್ತೇನೆ. ಮಾತು ಅಲ್ಲಿಂದ ಶುರು.

ಗಿಡ, ಪ್ರಾಣಿ, ಪಾಚಿ, ಸೂಕ್ಷ್ಮಜೀವಿಗಳಿಂದ, ಅವು ಬಿಟ್ಟ ಕಸದಿಂದ ಕೂಡ, ಆಹಾರ, ಇಂಧನ, ಬಳಕೆಯ ವಸ್ತು ತಯಾರಿಸಿ ನಡೆಸುವ ವ್ಯವಹಾರವೇ ಜೈವಿಕ ಆರ್ಥಿಕತೆ. ಬಯೋ ಎಕಾನಮಿ ಅಂತಲೂ ಹೇಳುತ್ತಾರೆ. ಪೆಟ್ರೋಲಿಯಂ ತೆಗೆದಷ್ಟೂ ಕಡಿಮೆಯಾಗುತ್ತದೆ. ಹಾಳೆ ಮುಂದಿನ ವರ್ಷವೂ ಬೀಳುತ್ತದೆ. ಸಗಣಿಯಿಂದ ಗೋಬರ್ ಗ್ಯಾಸ್, ಕಬ್ಬಿನ ಕಾಕಂಬಿಯಿಂದ ಎಥನಾಲ್ ಕೂಡ ಇದರಲ್ಲೇ ಸೇರುತ್ತವೆ. ಇಂಥ ಉದ್ಯಮಗಳಿಗಾಗಿ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ 'ಬಯೋಇ3' ನೀತಿಗೆ ಒಪ್ಪಿಗೆ ಕೊಟ್ಟಿತು.

ಹಾಳೆ ತಟ್ಟೆ ಮಾಡುವ ಕೆಲಸ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಒಣಗಿದ ಹಾಳೆಯನ್ನು ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನ ಕೆಳಗಿಟ್ಟು ಒತ್ತುತ್ತಾರೆ. ಅಂಟು ಬೇಡ, ಬಣ್ಣ ಬೇಡ. ಅಂಚಿನ ಚೂರು ಗೊಬ್ಬರಕ್ಕೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಲ್ಲಿ ನಿಷೇಧ ಇರುವುದರಿಂದ ಇದಕ್ಕೆ ಮಾರುಕಟ್ಟೆಯೂ ಇದೆ.

ಇಷ್ಟು ಕೇಳಿದ ಒಬ್ಬ ಹುಡುಗ ಎದ್ದು ನಿಂತ. "ನಮ್ಮನೇಲಿ ಹಾಳೆ ಕತ್ತರಿಸಿ ದನಕ್ಕೆ ಹಾಕ್ತಾರೆ ಸರ್. ಮಾರಿದ್ರೆ ದನಕ್ಕೆ ಏನು?"

ಪರಿಸರ ಕೆಡಿಸದೆ ಬಹುಕಾಲ ನಡೆಯುವ 'ಸುಸ್ಥಿರ ಉದ್ಯಮ' ಅಂದರೆ ಏನು ಅನ್ನೋದು ಆ ಪ್ರಶ್ನೆಯಲ್ಲೇ ಇದೆ, ಅಲ್ವಾ? ನಾವು ಕಸ ಅನ್ನುವುದು ಇನ್ಯಾರಿಗೋ ಮೇವು. ಅಡಿಕೆ ಬುಡಕ್ಕೆ ಅದೇ ಮುಚ್ಚಿಗೆ, ಅದೇ ಗೊಬ್ಬರ. ಎಲ್ಲ ಹಾಳೆಯನ್ನೂ ಹೊತ್ತು ತಂದರೆ ತೋಟಕ್ಕೆ ಹೊರಗಿನ ಗೊಬ್ಬರ ಜಾಸ್ತಿ ಬೇಕು. ಅಚ್ಚು ಬಿಸಿಯಾಗಲು ಕರೆಂಟೂ ಬೇಕು. ಲಾಭ ಲೆಕ್ಕ ಹಾಕುವಾಗ ಇವನ್ನೂ ಬರೆಯಬೇಕು.

ಇನ್ನೊಂದು ವಿಷಯವನ್ನು ನಾನು ಮುಚ್ಚಿಡುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಅಡಿಕೆ ಹಾಳೆ ತಟ್ಟೆಗಳಿಗೆ ತಡೆ ಹಾಕಿತು. ಹಾಳೆಯ ಆಲ್ಕಲಾಯ್ಡ್‌ಗಳು (ಗಿಡದಲ್ಲೇ ಇರುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ಊಟಕ್ಕೆ ಇಳಿಯಬಹುದು ಎಂಬುದು ಅದರ ಆತಂಕ. ಗಿಡದಿಂದ ಬಂದಿದ್ದೆಲ್ಲ ಸುರಕ್ಷಿತ ಅಂತ ನಂಬಿ ಬೆಳೆದ ಮಕ್ಕಳಿಗೆ ಇದು ಗೊತ್ತಾಗಲೇಬೇಕು. ಈಗ ನಮ್ಮ ಮಕ್ಕಳು ನೋಟ್ ಬುಕ್ಕಿನಲ್ಲಿ ಹಾಳೆಯ ಬೆಲೆ, ನೀರು, ಕರೆಂಟಿನ ಪಕ್ಕ ಇನ್ನೆರಡು ಸಾಲು ಸೇರಿಸಿದ್ದಾರೆ: ದನದ ಮೇವು, ಲ್ಯಾಬ್ ಪರೀಕ್ಷೆಯ ಖರ್ಚು.