ತೀರ್ಪು ಊರಿಗೆ ತಲುಪುವ ದಾರಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಅಡಿಕೆ ಹರವಿದ ಅಂಗಳದಲ್ಲಿ ಅಜ್ಜಿಯೊಬ್ಬರು ಎಲೆಅಡಿಕೆ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿತ್ತರು. ಅವರಿಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದು ಕನ್ನಡ ಮಾತ್ರ. ಕಾಗದವಿದ್ದುದು ಮಲಯಾಳದಲ್ಲಿ: ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತನಾದ ಮೊಮ್ಮಗನನ್ನು ವೈದ್ಯಕೀಯ ಶಿಬಿರಕ್ಕೆ ಕರೆತರಬೇಕೆಂಬ ಸೂಚನೆ. ಶಿಬಿರ ಮುಗಿದು ನಾಲ್ಕು ದಿನವಾಗಿತ್ತು.

ಅಂತರರಾಷ್ಟ್ರೀಯ ನ್ಯಾಯಾಲಯಗಳ ಇತಿಹಾಸ ಓದುವಾಗಲೆಲ್ಲ ನನಗೆ ಆ ಕಾಗದ ನೆನಪಾಗುತ್ತದೆ.

ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1993ರಲ್ಲಿ ನ್ಯಾಯಮಂಡಳಿಯೊಂದನ್ನು ಸ್ಥಾಪಿಸಿತು. ಅದು ಕುಳಿತದ್ದು ದೂರದ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ. ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಮಕ್ಕಳನ್ನು ಕಳೆದುಕೊಂಡ ಬೋಸ್ನಿಯಾದ ತಾಯಂದಿರ ಭಾಷೆ ಎರಡೂ ಅಲ್ಲ. ಜನರಿಗೆ ವಿಷಯ ತಿಳಿಸುವ ಪ್ರತ್ಯೇಕ ವಿಭಾಗ ಹುಟ್ಟಲು 1999 ಬರಬೇಕಾಯಿತು. ಅಷ್ಟರೊಳಗೆ ರಾಷ್ಟ್ರೀಯವಾದಿ ನಾಯಕರು ಇದು ನಮ್ಮ ಶತ್ರುಗಳ ನ್ಯಾಯಾಲಯ ಎಂದು ಊರೂರಿಗೆ ನಂಬಿಸಿಯಾಗಿತ್ತು. ಅದರ ಮೇಲೆ ಈ ಕೆಲಸಕ್ಕೆ ಮುಖ್ಯ ಬಜೆಟ್ಟಿನ ಆಸರೆಯೂ ಇರಲಿಲ್ಲ, ದೇಣಿಗೆಯನ್ನೇ ನೆಚ್ಚಬೇಕಿತ್ತು. ತಿಳಿಸುವುದನ್ನು ನ್ಯಾಯದ ಭಾಗವೆಂದೇ ಎಣಿಸದಿದ್ದುದು ದೊಡ್ಡ ತಪ್ಪು ಎಂದು ನಾನು ಭಾವಿಸುತ್ತೇನೆ. ಮುಂದೆ ಆ ಅಪರಾಧಗಳು ನಡೆದ ಬೋಸ್ನಿಯಾದ ಫೋಚಾ, ಸ್ರೆಬ್ರೆನಿತ್ಸಾದಂಥ ಊರುಗಳಿಗೇ ಹೋಗಿ ಅಧಿಕಾರಿಗಳು ಜನರೆದುರು ಕುಳಿತು ತೀರ್ಪುಗಳನ್ನು ವಿವರಿಸಿದರು. ಆದರೂ ಹಲವರ ಮನಸ್ಸು ಕರಗಲಿಲ್ಲ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಈ ಪಾಠ ಕಲಿತಿತ್ತು. ಅಂತರ್ಯುದ್ಧದ ಅಪರಾಧಗಳ ವಿಚಾರಣೆಗೆಂದು 2002ರಲ್ಲಿ ಆರಂಭವಾದ ಅಲ್ಲಿನ ವಿಶೇಷ ನ್ಯಾಯಾಲಯ ನೆಲೆಸಿದ್ದು ದೇಶದೊಳಗೇ, ಫ್ರೀಟೌನಿನಲ್ಲಿ. ಅದರ ಸಿಬ್ಬಂದಿ ಜನರಾಡುವ ಕ್ರಿಯೋ ಭಾಷೆಯಲ್ಲಿ ರೇಡಿಯೊ ಕಾರ್ಯಕ್ರಮ ನಡೆಸಿದರು, ಹಳ್ಳಿಗಳಲ್ಲಿ ವಿಚಾರಣೆಯ ವಿಡಿಯೊ ತೋರಿಸಿದರು, ಸಭೆ ಕರೆದು ಜನರ ಪ್ರಶ್ನೆಗಳಿಗೆ ಉತ್ತರಿಸಿದರು.

ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು ಕಾಂಬೋಡಿಯಾ. 1970ರ ದಶಕದಲ್ಲಿ ಆ ದೇಶವನ್ನಾಳಿ ಲಕ್ಷಾಂತರ ಜನರ ಸಾವಿಗೆ ಕಾರಣವಾದ ಖ್ಮೇರ್ ರೂಜ್ ಆಡಳಿತದ ಸೆರೆಮನೆಯ ಮುಖ್ಯಸ್ಥ ಡುಕ್‌ನ ವಿಚಾರಣೆ 2009ರಲ್ಲಿ ನಡೆದಾಗ ಹಳ್ಳಿಗರನ್ನು ಬಸ್ಸುಗಳಲ್ಲಿ ನ್ಯಾಯಾಲಯಕ್ಕೆ ಕರೆತಂದರು. ಗಾಜಿನ ಗೋಡೆಯ ಈಚೆ ಸುಮಾರು 500 ಆಸನಗಳು. ಕಿವಿಗೆ ಹೆಡ್‌ಫೋನ್, ಅದರಲ್ಲಿ ಖ್ಮೇರ್ ಭಾಷೆ. ಆ ಒಂದು ಪ್ರಕರಣವನ್ನು ನೋಡಿ ಹೋದವರು ಸುಮಾರು 30 ಸಾವಿರ. ಆರೋಪಿಯ ಮುಖ ಕಂಡು, ಮಾತನ್ನು ತಮ್ಮದೇ ನುಡಿಯಲ್ಲಿ ಕೇಳಿದವರಿಗೆ ನ್ಯಾಯಾಲಯ ಪರಕೀಯವೆನಿಸುವುದು ಕಷ್ಟ.

ಪೆರ್ಲವಿರುವ ನಮ್ಮ ಎಣ್ಮಕಜೆ ಪಂಚಾಯತಿಯ ಪಾಲಿಗೆ ದೆಹಲಿಯೂ ಹೇಗ್‌ನಷ್ಟೇ ದೂರ. ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು, ಇಂಗ್ಲಿಷಿನಲ್ಲಿ. ಆಯ್ದ ತೀರ್ಪುಗಳು ಕನ್ನಡಕ್ಕೂ ಅನುವಾದವಾಗತೊಡಗಿದ್ದು 2019ರಲ್ಲಿ. ಐದು ಲಕ್ಷದ ಆ ಮಾತು ಅಜ್ಜಿಗೆ ಮೊದಲು ತಿಳಿದದ್ದು ನೆರೆಮನೆಯ ಹುಡುಗನ ಮೊಬೈಲಿನಿಂದ.