ಕೂಗುವ ಬಿಲ್ಲೆಯೇ ಕೇಳುವ ಕಿವಿ

ಪೀ ಪೀ ಅನ್ನುವ ಆಟಿಕೆ, ನಿಂತುಹೋದ ಅಲಾರಂ ಗಡಿಯಾರ, ತೆರೆದರೆ ಹಾಡುವ ಶುಭಾಶಯ ಪತ್ರ. ಇವನ್ನು ಎಸೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಎಷ್ಟೋ ಸಲ ಒಳಗೆ ನಾಣ್ಯದಂಥ ತೆಳು ಹಿತ್ತಾಳೆ ಬಿಲ್ಲೆ ಸಿಗುತ್ತದೆ. ಅದರ ಮೇಲೆ ಬೆಳ್ಳಿ ಬಣ್ಣದ ಇನ್ನೊಂದು ಚಿಕ್ಕ ವೃತ್ತ ಇರುತ್ತದೆ. ಕೈಯಾರೆ ಮಾಡಿದ ಗಿಟಾರಿಗೆ ಪಿಕಪ್, ಅಂದರೆ ಅದರ ಅಲುಗಾಟವನ್ನು ವಿದ್ಯುತ್ತಾಗಿ ಮಾಡಿ ಆಂಪ್ಲಿಫೈಯರ್‌ಗೆ ಕಳಿಸುವ ಸಾಧನ, ಬೇಕು ಅನ್ನುವವರು ಹುಡುಕಬೇಕಾದ್ದು ಇದನ್ನೇ.

ಕೂಗುವ ಬಿಲ್ಲೆ ಕೇಳಿಸಿಕೊಳ್ಳುವುದು ಹೇಗೆ? 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ ಮೂಡುತ್ತದೆ ಎಂದು ತೋರಿಸಿದರು. ಕ್ವಾರ್ಟ್ಜ್ ಅಷ್ಟೇ ಅಲ್ಲ, ಕಬ್ಬಿನ ಸಕ್ಕರೆಯ ಹರಳೂ ಹಾಗೆ ಮಾಡುತ್ತದೆ! ಮರುವರ್ಷವೇ ಇದರ ಉಲ್ಟಾ ಕೂಡ ನಿಜ ಎಂದು ಗೊತ್ತಾಯಿತು. ವಿದ್ಯುತ್ ಕೊಟ್ಟರೆ ಹರಳು ಚೂರು ಹಿಗ್ಗುತ್ತದೆ, ಕುಗ್ಗುತ್ತದೆ. ಬಝರ್ ಈ ಉಲ್ಟಾ ಗುಣದಿಂದ ಕೂಗುತ್ತದೆ. ಪಿಕಪ್‌ಗೆ ಬೇಕಾದ್ದು ಮೊದಲನೆಯ ಗುಣ. ಎರಡೂ ಒಂದೇ ಬಿಲ್ಲೆಯಲ್ಲಿವೆ. ಈಗಿನ ಬಿಲ್ಲೆಗಳಲ್ಲಿ ಹರಳಿನ ಬದಲು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಪಿಂಗಾಣಿ ಇರುತ್ತದೆ. ಸೀಸ ಇರುವುದರಿಂದ ಅದನ್ನು ಉಜ್ಜಿ ಪುಡಿ ಮಾಡಬೇಡಿ.

ಒತ್ತಿದರೆ ವಿದ್ಯುತ್ ಕೊಡುವ ಇಂಥ ವಸ್ತುವಿಗೆ ಪಿಯೆಜೊ ಅನ್ನುತ್ತಾರೆ. ಎಲ್ಲ ಬಝರ್‌ಗಳಲ್ಲೂ ಪಿಯೆಜೊ ಇರುವುದಿಲ್ಲ. ಕೆಲವದರಲ್ಲಿ ಸುರುಳಿ ಮತ್ತು ಅಯಸ್ಕಾಂತ ಇರುತ್ತವೆ. ಸ್ಕ್ರೂಡ್ರೈವರ್ ತುದಿ ಅದಕ್ಕೆ ಅಂಟಿಕೊಂಡರೆ ಅದು ನಮಗೆ ಬೇಡ. ಬಿಡಿಯಾಗಿ ಕೊಳ್ಳುವಾಗ 'ಪಿಕಪ್' ಅಂತ ಕೇಳದೆ 'ಪಿಯೆಜೊ ಬಿಲ್ಲೆ' ಅಥವಾ 'ಪಿಯೆಜೊ ಡಿಸ್ಕ್' ಅಂತ ಕೇಳಿ. ಅಂಟಿಸುವಂಥ ಎಷ್ಟೋ ರೆಡಿಮೇಡ್ ಪಿಕಪ್‌ಗಳ ಒಳಗಿರುವುದೂ ಇದೇ ಬಿಲ್ಲೆ, ಹೆಸರು ಬದಲಾದರೆ ಬೆಲೆಯೂ ಬದಲಾಗುತ್ತದೆ ಅಷ್ಟೇ. ಅಗಲ 20, 27, 35 ಮಿ.ಮೀ. ಹೀಗೆ ಸಿಗುತ್ತವೆ. ಗಿಟಾರಿಗೆ ನಾನು 27ರದ್ದನ್ನೇ ಬಳಸುತ್ತೇನೆ. ಹೊಗೆ ಪತ್ತೆ ಮಾಡುವ ಅಲಾರಂ ಒಳಗೂ ಒಳ್ಳೆಯ ಬಿಲ್ಲೆ ಇರುತ್ತದೆ, ಆದರೆ ಅದನ್ನು ಬಿಚ್ಚಬೇಡಿ. ಕೆಲವು ಬಗೆಯ ಅಲಾರಂಗಳಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ಸೂಸುವ ವಸ್ತು ಇರುತ್ತದೆ.

ಇಷ್ಟಾದರೂ ಅಗ್ಗದ ಬಿಲ್ಲೆಗೆ ಒಂದು ಕೆಟ್ಟ ಹೆಸರಿದೆ. ದನಿ ತಗಡಿನಂತೆ ಇರುತ್ತದೆ, ಮೈಯೇ ಇರಲ್ಲ ಅಂತಾರೆ. ನನಗೂ ಮೊದಲು ಹಾಗೇ ಕೇಳಿಸಿತ್ತು. ತಪ್ಪು ಹೆಚ್ಚಾಗಿ ಬಿಲ್ಲೆಯದ್ದಲ್ಲ, ಅದರ ವೈರನ್ನು ಚುಚ್ಚಿದ ಜಾಗದ್ದು.

ಬಿಲ್ಲೆಯನ್ನು ಒಂದು ಪುಟ್ಟ ಬಿಂದಿಗೆ ಅಂದುಕೊಳ್ಳಿ. ತಂತಿ ಒಮ್ಮೆ ಅಲುಗಿದಾಗ ಅದರಲ್ಲಿ ತುಂಬುವ ವಿದ್ಯುತ್ ತೀರಾ ಸ್ವಲ್ಪ. ಆಂಪ್ಲಿಫೈಯರ್‌ನ ಒಳದಾರಿಯ (ಇನ್‌ಪುಟ್) ರೋಧ ಕಡಿಮೆ ಇದ್ದರೆ ಬಿಂದಿಗೆಗೆ ದೊಡ್ಡ ತೂತು ಬಿದ್ದ ಹಾಗೆ. ಸರಸರ ಅಲುಗುವ ತೀಕ್ಷ್ಣ ಸ್ವರ ಹೇಗೋ ದಾಟುತ್ತದೆ. ನಿಧಾನ ಅಲುಗುವ ಮಂದ್ರ ಸ್ವರ ಪೂರ್ತಿ ಆಗುವಷ್ಟರಲ್ಲೇ ಸೋರಿಹೋಗುತ್ತದೆ. 27 ಮಿ.ಮೀ. ಬಿಲ್ಲೆಯ ಧಾರಣೆ, ಅಂದರೆ ಈ ಬಿಂದಿಗೆಯ ಅಳತೆ, ಸುಮಾರು 20 ನ್ಯಾನೊಫ್ಯಾರಡ್. ಅದನ್ನು 10 ಸಾವಿರ ಓಮ್‌ನ ಒಳದಾರಿಗೆ ಚುಚ್ಚಿದರೆ ಸುಮಾರು 800 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಕ್ಷೀಣಿಸುತ್ತಾ ಹೋಗುತ್ತದೆ. ಗಿಟಾರಿನ ಆರು ತಂತಿಗಳನ್ನು ಬೆರಳೊತ್ತದೆ ಮೀಟಿದರೆ ಮೂಲ ಸ್ವರಗಳು 82ರಿಂದ 330 ಹರ್ಟ್ಜ್ ಒಳಗೇ ಇರುತ್ತವೆ. ಅಂದರೆ ಆರಕ್ಕೆ ಆರೂ ಸೊರಗುತ್ತವೆ! ಅದೇ ಬಿಲ್ಲೆಯನ್ನು 10 ಲಕ್ಷ ಓಮ್‌ಗೆ, ಅಂದರೆ ಒಂದು ಮೆಗಾಓಮ್‌ಗೆ ಚುಚ್ಚಿ. ಗಡಿ 8 ಹರ್ಟ್ಜ್‌ಗೆ ಇಳಿಯುತ್ತದೆ. ನಮ್ಮ ಕಿವಿಗೂ ಅಷ್ಟು ಕೆಳಗಿನದು ಕೇಳಿಸಲ್ಲ. ಹೆಚ್ಚಿನ ಗಿಟಾರ್ ಆಂಪ್ಲಿಫೈಯರ್‌ಗಳ ಒಳದಾರಿ ಸುಮಾರು ಇಷ್ಟೇ ಇರುತ್ತದೆ. ಅದಿಲ್ಲದವರಿಗೆ ಒಂದು ಫೆಟ್ (FET) ಟ್ರಾನ್ಸಿಸ್ಟರ್‌ನ ಪುಟ್ಟ ಬಫರ್, ಅಂದರೆ ಬಿಲ್ಲೆಗೂ ಆಂಪ್ಲಿಫೈಯರ್‌ಗೂ ನಡುವೆ ಕೂತು ಸೋರಿಕೆ ತಡೆಯುವ ಸರ್ಕ್ಯೂಟ್, ಸಾಕು. ಕೈಯಲ್ಲಿರುವ ದುಡ್ಡನ್ನು ದುಬಾರಿ ಬಿಲ್ಲೆಗಿಂತ ಇದಕ್ಕೆ ಹಾಕಿ.

ಇನ್ನು ಬೆಸುಗೆ. ನನ್ನ ಮೊದಲ ಬಿಲ್ಲೆಯಲ್ಲಿ ಬೆಳ್ಳಿ ಪದರವೇ ಬೆಸುಗೆಯ ಐರನ್ ತುದಿಗೆ ಅಂಟಿಕೊಂಡು ಎದ್ದು ಬಂದಿತ್ತು. ಜಾಸ್ತಿ ಕಾದರೆ ಪಿಂಗಾಣಿ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ವೈರಿನ ತುದಿಗೆ ಮೊದಲೇ ಬೆಸುಗೆ ಹಚ್ಚಿಟ್ಟುಕೊಳ್ಳಿ. ಬೆಳ್ಳಿ ವೃತ್ತದ ಅಂಚಿನ ಬಳಿ ಇಟ್ಟು, ಐರನ್ ಮುಟ್ಟಿಸಿ, ಮಿನುಗಿದ ಕೂಡಲೇ ತೆಗೆಯಿರಿ. ಸಾಧ್ಯವಾದರೆ ಮೊದಲೇ ವೈರ್ ಹಾಕಿರುವ ಬಿಲ್ಲೆಯನ್ನೇ ತನ್ನಿ, ಈ ಕಷ್ಟವೇ ಇರಲ್ಲ. ಕೇಬಲ್ಲಿನ ನಡುವಿನ ತಂತಿ ಬೆಳ್ಳಿಗೆ, ಹೊರಗಿನ ಹೆಣಿಗೆ ಹಿತ್ತಾಳೆಗೆ. ಅದಲು ಬದಲಾದರೆ ಬಿಲ್ಲೆಗೆ ಕೈ ತಾಗಿದಾಗಲೆಲ್ಲ ಗುಂಯ್ ಅನ್ನುತ್ತದೆ.

ಅಂಟಿಸಲು ಅವಸರ ಮಾಡಬೇಡಿ. ಬಿಲ್ಲೆ ಬಾಗಿದರೆ ಪಿಂಗಾಣಿ ಬಿರುಕು ಬಿಡುತ್ತದೆ, ಹಾಗಾಗಿ ಸಪಾಟು ಜಾಗವೇ ಬೇಕು. ಮೊದಲು ಬ್ರಿಡ್ಜ್, ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಹೊತ್ತಿರುವ ಪಟ್ಟಿ, ಅದರ ಹತ್ತಿರ ಎರಡೂ ಬದಿ ಅಂಟುವ ಟೇಪಿನಲ್ಲಿ ಕೂರಿಸಿ ನುಡಿಸಿ. ಒಂದು ಬೆರಳಗಲ ಸರಿಸಿ ಮತ್ತೆ ನುಡಿಸಿ. ಅಷ್ಟಕ್ಕೇ ದನಿ ಬೇರೆಯಾಗುತ್ತದೆ. ಹಿಡಿಸಿದ ಜಾಗದ ಸುತ್ತ ಪೆನ್ಸಿಲ್ಲಿನಲ್ಲಿ ಗುಂಡಗೆ ಗೆರೆ ಎಳೆದುಕೊಳ್ಳಿ, ಗಟ್ಟಿ ಅಂಟು ಆಮೇಲೆ.