ಬೇರೆಯವರ ಫೋಟೋ ನೋಡಿ ಚಿತ್ರ ಬಿಡಿಸಿದರೆ ತಪ್ಪಾ?

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಸಿಕ್ಕ ಜೋಗದ ಫೋಟೋ ನೋಡಿ ವಾಟರ್‌ಕಲರ್ ಮಾಡಿದ್ದೇನೆ. ಶಿವಮೊಗ್ಗದಲ್ಲಿ ಒಂದು ಪ್ರದರ್ಶನಕ್ಕಿಟ್ಟು ಮಾರುವ ಆಸೆ. ಗೆಳತಿ ‘ಅದು ಕದ್ದಿದ್ದು’ ಅನ್ನುತ್ತಾಳೆ. ಹೌದಾ? (ಸಾಗರದ ಓದುಗರೊಬ್ಬರು)

ಉತ್ತರ: ಫೋಟೋ ನೋಡಿ ಬಿಡಿಸುವುದು ಕಳ್ಳತನ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಮಾತಿಗೆ ಹೆದರಿ ಕಲಿಯುವವರು ಪೆನ್ಸಿಲ್ ಕೆಳಗಿಡಬಾರದು. ಮಂಡಗದ್ದೆಯ ಬೆಳ್ಳಕ್ಕಿ ರೆಕ್ಕೆ ಬಿಚ್ಚಿದಾಗ ಗರಿಗಳು ಹೇಗೆ ಸಾಲಾಗಿ ನಿಲ್ಲುತ್ತವೆ ಅಂತ ಹಾರುವ ಹಕ್ಕಿಯಲ್ಲಿ ನೋಡಲು ಆಗುವುದಿಲ್ಲ. ಫೋಟೋ ಬೇಕೇ ಬೇಕು. ಮನೆಯಲ್ಲಿ ಕೂತು ಕಲಿಯುವುದಕ್ಕೆ, ಸ್ವಂತ ಖುಷಿಗೆ ಬಿಡಿಸುವುದಕ್ಕೆ ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಜಾಗ ಬಿಟ್ಟಿದೆ.

ಆದರೆ ನೀವು ಮಾರಬೇಕು ಅಂತಿದ್ದೀರಿ. ಅಲ್ಲಿ ಲೆಕ್ಕ ಬೇರೆ.

ಜೋಗ ಯಾರೊಬ್ಬರ ಸ್ವತ್ತೂ ಅಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ಯಾರು ಬೇಕಾದರೂ ಬಿಡಿಸಬಹುದು. ನೀವು ನೋಡಿದ ಫೋಟೋದಲ್ಲಿ ಮಾತ್ರ ಇನ್ನೊಬ್ಬರ ದುಡಿಮೆ ಇದೆ. ಮಳೆಗಾಲದಲ್ಲಿ ಅಲ್ಲಿಗೆ ಹೋದವರಿಗೆ ಗೊತ್ತು, ಮಂಜು ಮುಚ್ಚಿಕೊಂಡರೆ ಎದುರಿಗೆ ಬರೀ ಬಿಳಿ, ಸದ್ದು ಮಾತ್ರ ಕೇಳುತ್ತದೆ. ಕೊಡೆ ಹಿಡಿದು, ಲೆನ್ಸ್ ಒರೆಸುತ್ತಾ ಕಾದರೆ ಯಾವಾಗಲೋ ಅರೆಗಳಿಗೆ ಮಂಜು ಸರಿಯುತ್ತದೆ. ಆಗ ರಾಜ ಅರ್ಧ ಕಂಡಿತು, ರಾಕೆಟ್ ಮಂಜಿನಲ್ಲೇ ಉಳಿಯಿತು, ನಡುವಿನ ಒದ್ದೆ ಬಂಡೆ ಮೇಲೆ ಒಂಚೂರು ಬೆಳಕು ಬಿತ್ತು ಅನ್ನಿ. ಎಲ್ಲಿ ನಿಲ್ಲಬೇಕು, ಯಾವಾಗ ಕ್ಲಿಕ್ ಮಾಡಬೇಕು, ಏನನ್ನು ಫ್ರೇಮಿನಿಂದ ಹೊರಗಿಡಬೇಕು, ಇಷ್ಟೂ ಆ ಫೋಟೋಗ್ರಾಫರ್ ತೀರ್ಮಾನ. ನಿಮ್ಮ ಚಿತ್ರದಲ್ಲೂ ಅದೇ ಮಂಜು, ಅದೇ ಬೆಳಕು, ಅದೇ ಕೋನ ಇದ್ದರೆ ಅವರ ಕೆಲಸವನ್ನೇ ಮಾರಿದ ಹಾಗಾಗುತ್ತದೆ. ಬ್ರಷ್‌ನಲ್ಲಿ ಮಾಡಿದ್ದು ಅನ್ನುವುದು ಇದಕ್ಕೆ ಉತ್ತರ ಅಲ್ಲ.

ಎಡ-ಬಲ ತಿರುಗಿಸಿದರೆ? ಅದೂ ನಡೆಯಲ್ಲ. ಜಿಂಗ್ನಾ ಜಾಂಗ್ ಅನ್ನುವ ಫೋಟೋಗ್ರಾಫರ್ ತೆಗೆದ ಚಿತ್ರವನ್ನು ಒಬ್ಬ ಕಲಾವಿದ ಹೀಗೇ ತಿರುಗಿಸಿ ಪೇಂಟಿಂಗ್ ಮಾಡಿದ್ದ. ಅದಕ್ಕೆ ಬಹುಮಾನವೂ ಬಂದಿತ್ತು. ಲಕ್ಸೆಂಬರ್ಗ್‌ನ ಕೋರ್ಟಿನಲ್ಲಿ ಆಕೆ 2022ರಲ್ಲಿ ಸೋತರು, ಮೇಲ್ಮನವಿ ಹಾಕಿ 2024ರಲ್ಲಿ ಗೆದ್ದರು. ‘ಗೂಗಲ್‌ನಲ್ಲಿ ಸಿಕ್ಕಿತು’ ಅನ್ನುವುದೂ ಅಷ್ಟೇ. ನಮ್ಮಲ್ಲಿ ಫೋಟೋಗ್ರಾಫರ್ ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೂ 60 ವರ್ಷ ಫೋಟೋದ ಹಕ್ಕು ಉಳಿದಿರುತ್ತದೆ.

ಹಾಗಾಗಿ ಮೊದಲು ಫೋಟೋ ಯಾರದು ಅಂತ ಹುಡುಕಿ. ನಿಮ್ಮ ಚಿತ್ರವನ್ನೇ ಕಳಿಸಿ, ಮಾರಲು ಇಡುತ್ತಿದ್ದೇನೆ ಅಂತ ಮುಚ್ಚುಮರೆ ಇಲ್ಲದೆ ಬರೆಯಿರಿ. ದುಡ್ಡು ಕೇಳಿದರೆ ಅದು ಅವರ ಹಕ್ಕು, ಬೇಜಾರು ಮಾಡಿಕೊಳ್ಳಬೇಡಿ. ಒಪ್ಪಿದರೆ ಆ ಮೆಸೇಜ್ ಜೋಪಾನವಾಗಿಟ್ಟುಕೊಂಡು, ಚಿತ್ರದ ಪಕ್ಕದ ಚೀಟಿಯಲ್ಲಿ ಅವರ ಹೆಸರು ಹಾಕಿ. ಕೇಳದೆ ಸುಮ್ನೆ ಹೆಸರು ಹಾಕಿದರೆ ಒಪ್ಪಿಗೆ ಪಡೆದ ಹಾಗಲ್ಲ.

ಬೇಡ ಅಂದರೆ, ಅಥವಾ ಅವರು ಸಿಗದೇ ಹೋದರೆ, ಈ ಚಿತ್ರ ಮನೆ ಗೋಡೆಗೆ ಇರಲಿ. ಸಾಗರದಿಂದ ಜೋಗಕ್ಕೆ ಸುಮಾರು 30 ಕಿಲೋಮೀಟರ್ ಅಷ್ಟೇ ಅಲ್ವಾ? ಒಂದು ದಿನ ಹೋಗಿ, ನಿಮ್ಮದೇ ಮೊಬೈಲಿನಲ್ಲಿ ಬೇರೆ ಬೇರೆ ಕಡೆಯಿಂದ ತೆಗೆದುಕೊಂಡು ಬನ್ನಿ. ಫೋಟೋ ಮಸುಕಾದರೂ ಪರವಾಗಿಲ್ಲ, ಬಂಡೆಯ ಆಕಾರ ತಿಳಿದರೆ ಸಾಕು. ಪ್ರದರ್ಶನಕ್ಕೆ ಅದನ್ನು ನೋಡಿ ಹೊಸದೊಂದು ಬಿಡಿಸಿ.